ಓದುವವರೇ ಬರೆಯಬೇಕೆಂಬ ಕರಾರು

ಪ್ರಶ್ನೆ: ವೈಜ್ಞಾನಿಕ ಕಥೆಗಾರ ರೇ ಬ್ರಾಡ್‌ಬರಿಯ ಬಗ್ಗೆ ಓದುತ್ತಿದ್ದೆ. ಹುಡುಗನಾಗಿದ್ದಾಗ ಆತ ವೈಜ್ಞಾನಿಕ ಕಥೆಗಳ ಹುಚ್ಚಿನವರ ಒಂದು ಕೂಟ ಸೇರಿದ್ದನಂತೆ. ಆ ಕೂಟದವರು ತಾವೇ ಪತ್ರಿಕೆ ಮಾಡಿ ತಮ್ಮತಮ್ಮಲ್ಲೇ ಹಂಚಿಕೊಳ್ಳುತ್ತಿದ್ದರಂತೆ. ಏನದು ಪದ್ಧತಿ? ಎಷ್ಟು ಕಾಲ ನಡೆಯಿತು? ಕನ್ನಡದಲ್ಲಿ ಅಂಥದ್ದು ಇತ್ತೇ? ನಮ್ಮಂಥ ಹಳ್ಳಿಯಲ್ಲಿ ಹತ್ತು ಜನ ಸೇರಿದರೆ ಆದೀತೇ?
(ಒಬ್ಬ ಓದುಗರು, ಮುಶಿಗೇರಿ, ಗಜೇಂದ್ರಗಡ ತಾಲ್ಲೂಕು)

ಉತ್ತರ: ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ. ಆದೀತು, ಹತ್ತು ಜನ ಧಾರಾಳವಾಯಿತು. ಹೇಗೆಂಬುದಕ್ಕೆ ಆಮೇಲೆ ಬರೋಣ.

ನೀವು ಓದಿದ ಕೂಟ ಲಾಸ್ ಏಂಜಲೀಸ್ ಊರಿನದು. ಅದರ ಹುಟ್ಟು ತಿಳಿಯಬೇಕಾದರೆ ಒಂದು ಮಾಸಪತ್ರಿಕೆಯ ಓದುಗರ ಪತ್ರಗಳ ಪುಟಕ್ಕೆ ಹೋಗಬೇಕು. 1926ರ ಏಪ್ರಿಲ್‌ನಲ್ಲಿ ಹ್ಯೂಗೋ ಗರ್ನ್ಸ್‌ಬ್ಯಾಕ್ ಎಂಬಾತ ನ್ಯೂಯಾರ್ಕಿನಲ್ಲಿ ‘ಅಮೇಜಿಂಗ್ ಸ್ಟೋರೀಸ್’ ಶುರುಮಾಡಿದ. ಬರೀ ವೈಜ್ಞಾನಿಕ ಕಥೆಗಳಿಗೇ ಮೀಸಲಾದ ಮೊದಲ ಇಂಗ್ಲಿಷ್ ಪತ್ರಿಕೆ ಅದು. ಓದುಗರು ಬರೆದ ಪತ್ರಗಳನ್ನು ಆತ ಅವರ ಪೂರ್ತಿ ವಿಳಾಸದ ಸಮೇತ ಅಚ್ಚು ಹಾಕುತ್ತಿದ್ದ. ಆ ವಿಳಾಸಗಳೇ ಮುಂದಿನದಕ್ಕೆಲ್ಲ ಕಾರಣವಾದವು. ಎಲ್ಲೋ ಒಂದು ಸಣ್ಣ ಊರಿನಲ್ಲಿ, ಮನೆಯವರಿಂದ ಬೈಸಿಕೊಂಡು ಈ ಕಥೆ ಓದುತ್ತಿದ್ದ ಹುಡುಗನಿಗೆ ತನ್ನಂಥವನೇ ಇನ್ನೊಬ್ಬ ನೂರಿನ್ನೂರು ಮೈಲಿ ಆಚೆ ಇದ್ದಾನೆಂದು ಗೊತ್ತಾಯಿತು. ಪತ್ರಿಕೆಗೆ ಬರೆಯುತ್ತಿದ್ದವರು ಒಬ್ಬರಿಗೊಬ್ಬರು ಬರೆಯತೊಡಗಿದರು. ನಮ್ಮ ವಾರಪತ್ರಿಕೆಗಳ ಪತ್ರಮಿತ್ರರ ಅಂಕಣ ಬಲ್ಲವರಿಗೆ ಈ ಸಂಭ್ರಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಧಾರವಾಡ ಆಕಾಶವಾಣಿಯಲ್ಲಿ ಕೋರಿಕೆಯ ಹಾಡಿಗೆ ಮುಂಚೆ ನಮ್ಮೂರಿನ ಹೆಸರು ಬಂದಾಗ ಓಣಿಗೆ ಓಣಿಯೇ ಕಿವಿ ನಿಮಿರಿಸುತ್ತಿದ್ದ ಕಾಲವನ್ನು ನಿಮ್ಮ ಹಿರಿಯರನ್ನು ಕೇಳಿದರೆ ಹೇಳಿಯಾರು.

1930ರ ಮೇ ತಿಂಗಳಲ್ಲಿ ಹೀಗೆ ಪತ್ರದಿಂದ ಬೆಸೆದುಕೊಂಡ ಒಂದು ಗುಂಪು ‘ದಿ ಕಾಮೆಟ್’ ಎಂಬ ಪುಟ್ಟ ಪತ್ರಿಕೆ ತಂದಿತು. ಅಭಿಮಾನಿಗಳು ಅಭಿಮಾನಿಗಳಿಗಾಗಿ ತಂದ ಮೊದಲ ಪತ್ರಿಕೆ ಎಂದು ಸಾಮಾನ್ಯವಾಗಿ ಇದನ್ನೇ ಎಣಿಸುತ್ತಾರೆ. ಮೂರು ವರ್ಷ ಕಳೆಯುವಷ್ಟರಲ್ಲಿ, ಕ್ಲೀವ್‌ಲ್ಯಾಂಡ್ ಊರಿನ ಇಬ್ಬರು ಶಾಲಾ ಹುಡುಗರು, ಜೆರ್ರಿ ಸೀಗಲ್ ಮತ್ತು ಜೋ ಶೂಸ್ಟರ್, ತಮ್ಮದೇ ಸೈಕ್ಲೋಸ್ಟೈಲ್ ಪತ್ರಿಕೆಯಲ್ಲಿ ಸೂಪರ್‌ಮ್ಯಾನ್ ಎಂಬ ಹೆಸರಿನ ಪಾತ್ರವೊಂದನ್ನು ಕಥೆಯಾಗಿಸಿದರು. ಅದರಲ್ಲಿ ಅವನು ಖಳನಾಯಕ! ಕೆಂಪು ಹೊದಿಕೆ ಹೊದ್ದು ಲೋಕ ಕಾಯುವವನಾಗಿ 1938ರಲ್ಲಿ ಬಂದದ್ದು ಅದೇ ಹೆಸರಿನ, ಅದೇ ಹುಡುಗರ ಎರಡನೇ ಯೋಚನೆ.

ಗರ್ನ್ಸ್‌ಬ್ಯಾಕ್ 1934ರಲ್ಲಿ ತನ್ನ ಇನ್ನೊಂದು ಪತ್ರಿಕೆಯ ಆಸರೆಯಲ್ಲಿ ‘ಸೈನ್ಸ್ ಫಿಕ್ಷನ್ ಲೀಗ್’ ಎಂಬ ಸಂಘ ಕಟ್ಟಿ, ಊರೂರಿಗೆ ಶಾಖೆ ತೆರೆಯಲು ಕರೆಕೊಟ್ಟ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಲಾಸ್ ಏಂಜಲೀಸ್ ಶಾಖೆ ತೆರೆಯಿತು. ತಾಯಿಸಂಘ ಕೆಲವೇ ವರ್ಷಗಳಲ್ಲಿ ಕಣ್ಮುಚ್ಚಿದರೂ ಶಾಖೆ ಉಳಿಯಿತು, ಇಂದಿಗೂ ಇದೆ. ಗುರುವಾರಕ್ಕೊಮ್ಮೆ ಸೇರುವುದು ಅವರ ಪದ್ಧತಿ. 1930ರ ದಶಕದಲ್ಲಿ ಸೇರುತ್ತಿದ್ದದ್ದು ಪೇಟೆಯ ನಡುವಿನ ಕ್ಲಿಫ್ಟನ್ಸ್ ಎಂಬ ಖಾನಾವಳಿಯ ಮಾಳಿಗೆಯ ಕೋಣೆಯಲ್ಲಿ. ಕಾಸಿಲ್ಲದವರಿಗೂ ಊಟ ಹಾಕುತ್ತಿದ್ದ ಖಾನಾವಳಿ ಅದು, ನಿಂಬೆ ಶರಬತ್ತು ಪುಕ್ಕಟೆ. ಬಡ ಹುಡುಗರ ಕೂಟಕ್ಕೆ ಅದಕ್ಕಿಂತ ಒಳ್ಳೆಯ ಜಾಗ ಎಲ್ಲಿ ಸಿಕ್ಕೀತು? 1937ರಲ್ಲಿ ಹದಿನೇಳರ ಬ್ರಾಡ್‌ಬರಿ ಬಂದು ಕೂತದ್ದು ಅಲ್ಲಿಗೇ. ಕೂಟದ ಪತ್ರಿಕೆ ‘ಇಮ್ಯಾಜಿನೇಷನ್!’ನ 1938ರ ಜನವರಿ ಸಂಚಿಕೆಯಲ್ಲಿ ಅವನ ಮೊದಲ ಕಥೆ ಬಂತು. ಹೈಸ್ಕೂಲು ಮುಗಿಸಿ, ಬೀದಿಯ ಮೂಲೆಯಲ್ಲಿ ನಿಂತು ದಿನಪತ್ರಿಕೆ ಮಾರುತ್ತ, 1939ರಲ್ಲಿ ಆತ ‘ಫ್ಯೂಚೂರಿಯಾ ಫಾಂಟೇಸಿಯಾ’ ಎಂಬ ತನ್ನದೇ ಪತ್ರಿಕೆ ತಂದ. ದುಡ್ಡಿಗೆ ಕೂಟದ ಗೆಳೆಯ ಫಾರೆಸ್ಟ್ ಅಕರ್‌ಮನ್ ನೆರವಾದ. ಬಂದದ್ದು ನಾಲ್ಕೇ ಸಂಚಿಕೆ.

ಇಷ್ಟು ಪತ್ರಿಕೆಯ ಕಥೆಯಾಯಿತು. ನೀವು ಕೇಳಿದ ‘ತಮ್ಮತಮ್ಮಲ್ಲೇ ಹಂಚಿಕೊಳ್ಳುವ’ ಪದ್ಧತಿ ಬೇರೆಯೇ, ನನ್ನ ಮಟ್ಟಿಗೆ ಇದಕ್ಕಿಂತ ಸ್ವಾರಸ್ಯದ್ದು. ಅದು ವೈಜ್ಞಾನಿಕ ಕಥೆಯವರು ಕಂಡುಹಿಡಿದದ್ದೂ ಅಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಮೇಜಿನ ಮೇಲೆ ಕೂರುವಷ್ಟು ಪುಟ್ಟ ಅಚ್ಚಿನ ಯಂತ್ರಗಳು ಅಗ್ಗಕ್ಕೆ ಸಿಗತೊಡಗಿದಾಗ ಅಮೆರಿಕದ ಹುಡುಗರಿಗೆ ಅದೊಂದು ಹುಚ್ಚಾಗಿ ಹಿಡಿಯಿತು. 1876ರಲ್ಲಿ ಅಂಥವರು ಫಿಲಡೆಲ್ಫಿಯಾದಲ್ಲಿ ಸೇರಿ ಹವ್ಯಾಸಿ ಮುದ್ರಕರ ರಾಷ್ಟ್ರೀಯ ಸಂಘ ಕಟ್ಟಿದರು. ಇಂಥ ಸಂಘಗಳ ಮೋಟು ಹೆಸರು ‘ಅಪಾ’. ಭಯಾನಕ ಕಥೆಗಳ ಲವ್‌ಕ್ರಾಫ್ಟ್ 1914ರಲ್ಲಿ ಇಂಥದ್ದೇ ಇನ್ನೊಂದು ಸಂಘ ಸೇರಿ ಅದರಲ್ಲೇ ಕೈ ಪಳಗಿಸಿಕೊಂಡ. 1937ರಲ್ಲಿ ನ್ಯೂಯಾರ್ಕಿನ ಡೊನಾಲ್ಡ್ ವೋಲ್‌ಹೈಮ್ ಮತ್ತು ಜಾನ್ ಮೈಕೆಲ್ ಈ ಪದ್ಧತಿಯನ್ನು ವೈಜ್ಞಾನಿಕ ಕಥೆಯವರಿಗೆ ಒಗ್ಗಿಸಿ ಶುರುಮಾಡಿದ್ದು ‘ಫಾಪಾ’.

ಅದು ನಡೆಯುವ ಬಗೆ ಹೀಗೆ. ಸಂಘದಲ್ಲಿ ಐವತ್ತು ಜನ ಇದ್ದಾರೆನ್ನಿ. ಪ್ರತಿಯೊಬ್ಬನೂ ತನಗೆ ತೋಚಿದ್ದನ್ನು ಬರೆದು, ಐವತ್ತು ಪ್ರತಿ ತೆಗೆದು, ಒಬ್ಬ ಸಂಚಾಲಕನಿಗೆ ಕಳಿಸುತ್ತಾನೆ. ಸಂಚಾಲಕ ಎಲ್ಲರಿಂದ ಬಂದದ್ದರಲ್ಲಿ ಒಂದೊಂದು ಪ್ರತಿ ಎತ್ತಿ ಜೋಡಿಸಿ ಐವತ್ತು ಕಟ್ಟು ಮಾಡುತ್ತಾನೆ. ಒಂದೊಂದು ಕಟ್ಟು ಒಬ್ಬೊಬ್ಬನಿಗೆ ಅಂಚೆಯಲ್ಲಿ ಹೋಗುತ್ತದೆ. ಸಂಚಾಲಕ ಯಾರ ಬರಹವನ್ನೂ ತಿದ್ದುವಂತಿಲ್ಲ, ತಿರಸ್ಕರಿಸುವಂತಿಲ್ಲ. ಅವನ ಕೆಲಸ ಎಣಿಸುವುದು, ಜೋಡಿಸುವುದು, ಕಳಿಸುವುದು. ನಮ್ಮ ಹೊಲಗಳಲ್ಲಿ ಮುಯ್ಯಾಳು ಇದ್ದಂತೆ: ನಾನು ನಿನ್ನ ಹೊಲಕ್ಕೆ ಒಂದು ದಿನ, ನೀನು ನನ್ನ ಹೊಲಕ್ಕೆ ಒಂದು ದಿನ, ರೊಕ್ಕದ ಮಾತಿಲ್ಲ.

ಚಂದಾದಾರ ಎಂಬವನೇ ಇಲ್ಲಿಲ್ಲ. ಫಾಪಾದಲ್ಲಿ ವರ್ಷಕ್ಕೆ ಎಂಟು ಪುಟವಾದರೂ ಬರೆಯದಿದ್ದವನ ಹೆಸರು ಪಟ್ಟಿಯಿಂದ ಹಾರುತ್ತಿತ್ತು. ಸದಸ್ಯರ ಸಂಖ್ಯೆಗೆ 65ರ ಮಿತಿ. ಒಳಗೆ ಬರಬೇಕೆಂದು ಹೊರಗೆ ಸಾಲು ನಿಂತವರು ವರ್ಷಗಟ್ಟಲೆ ಕಾದದ್ದುಂಟು. ಪುಕ್ಕಟೆ ಕೊಟ್ಟರೂ ಪತ್ರಿಕೆ ಓದುವವರಿಲ್ಲ ಎಂದು ಗೋಳಾಡುವ ನಮ್ಮ ಸಂಪಾದಕರು ಇದನ್ನೊಮ್ಮೆ ಯೋಚಿಸಬೇಕು. ಎಂಟು ಪುಟ ಬರೆದುಕೊಡುವ ಹಕ್ಕಿಗಾಗಿ ಜನ ಸರದಿ ನಿಂತಿದ್ದರು!

ಮತ್ತೊಂದು ರೂಢಿ ಬೆಳೆಯಿತು. ಫಾಪಾದ ಆರಂಭದ ದಿನಗಳಲ್ಲೇ ಜ್ಯಾಕ್ ಸ್ಪೀರ್ ಎಂಬಾತ ಹಿಂದಿನ ಕಟ್ಟಿನ ಒಂದೊಂದು ಬರಹಕ್ಕೂ ತನ್ನ ಪುಟಗಳಲ್ಲಿ ಉತ್ತರ ಬರೆಯತೊಡಗಿದ. ಉಳಿದವರೂ ಹಾಗೇ ಮಾಡಿದರು. ಕಥೆ, ಕವನ ಹಿಂದೆ ಸರಿದು ಮಾತುಕತೆಯೇ ಮುಂದೆ ಬಂತು. ರಾಕೆಟ್ಟಿನಿಂದ ಶುರುವಾದದ್ದು ರಾಜಕೀಯ, ಸಂಗೀತ, ಅಡುಗೆ, ಹೆಂಡತಿಯ ಜೊತೆಗಿನ ಜಗಳದವರೆಗೆ ಹೋಗುತ್ತಿತ್ತು. ವೈಜ್ಞಾನಿಕ ಕಥೆಯ ಹೆಸರಿನಲ್ಲಿ ಸೇರಿದವರು ಆ ಕಥೆಗಳ ಬಗ್ಗೆಯೇ ಕಡಿಮೆ ಬರೆದರು ಎಂದು ಗೊಣಗುವವರಿದ್ದಾರೆ. ನನಗೆ ಅದು ದೋಷವೆಂದು ತೋರುವುದಿಲ್ಲ. ಮೂರು ತಿಂಗಳಿಗೊಮ್ಮೆ ಬರುವ ಕಟ್ಟಿನಲ್ಲಿ ಒಂದು ಹರಟೆಯ ಕಟ್ಟೆಯೇ ನಡೆದರೆ ಕಥೆಯ ಕೆಲಸ ಅಷ್ಟರಮಟ್ಟಿಗೆ ಆಯಿತೆಂದೇ ಲೆಕ್ಕ.

ಹೊಡೆದಾಟವೂ ಕಡಿಮೆ ಇರಲಿಲ್ಲ. ಲಾಸ್ ಏಂಜಲೀಸ್ ಕೂಟದಲ್ಲಿ ಕೆಲವು ವರ್ಷ ಇದ್ದ ಫ್ರಾನ್ಸಿಸ್ ಟೌನರ್ ಲೇನಿ 1948ರಲ್ಲಿ ಆ ಕೂಟದ ಮಾನ ಹರಾಜು ಹಾಕಿ ಒಂದು ದೊಡ್ಡ ಆತ್ಮಕಥನವನ್ನೇ ಬರೆದು ಫಾಪಾದ ಕಟ್ಟಿನಲ್ಲಿ ಹಂಚಿದ. ಬೈಸಿಕೊಂಡವರೂ ಅದನ್ನು ಓದಿ ಜೋಪಾನ ಮಾಡಿಟ್ಟರು. ಆ ಕಾಲದ ಕೂಟದ ಚರಿತ್ರೆ ಬರೆಯುವವರು ಇವತ್ತಿಗೂ ಮೊದಲು ಕೈಹಾಕುವುದು ಆ ಬೈಗುಳದ ಪುಸ್ತಕಕ್ಕೇ.

ಲಾಸ್ ಏಂಜಲೀಸ್ ಕೂಟಕ್ಕೆ ಸ್ವಂತ ಅಪಾ ಆದದ್ದು 1964ರ ಅಕ್ಟೋಬರ್‌ನಲ್ಲಿ. ಬ್ರೂಸ್ ಪೆಲ್ಜ್ ಎಂಬ ಸದಸ್ಯ ಅದರ ಮುಂದಾಳು. ನ್ಯೂಯಾರ್ಕಿನ ಗೆಳೆಯರು ವಾರಕ್ಕೊಮ್ಮೆ ಅಪಾ ನಡೆಸಲು ಶುರುಮಾಡಿದ್ದನ್ನು ಕಂಡು ಇವರೂ ‘ಅಪಾ-ಎಲ್’ ತೆಗೆದರು. ಇಲ್ಲಿ ಅಂಚೆಯ ರಗಳೆಯೇ ಇಲ್ಲ. ಗುರುವಾರ ಸಂಜೆ ಎಲ್ಲರೂ ತಮ್ಮತಮ್ಮ ಹಾಳೆಗಳ ಪ್ರತಿ ಹಿಡಿದು ಸಭೆಗೆ ಬರಬೇಕು. ಅಲ್ಲೇ ಜೋಡಿಸಿ, ಪಿನ್ ಹೊಡೆದು, ಅದೇ ರಾತ್ರಿ ಕಟ್ಟು ಮನೆಗೆ. ಮುಂದಿನ ಗುರುವಾರಕ್ಕೆ ಉತ್ತರ ಸಿದ್ಧವಾಗಬೇಕು. ಹೀಗೆ ವಾರಕ್ಕೊಂದರಂತೆ ಎರಡು ಸಾವಿರ ಸಂಚಿಕೆ ದಾಟಿತು ಎಂದರೆ ನಂಬುವುದು ಕಷ್ಟ. 1973ರಲ್ಲಿ ಕೂಟ ಸ್ವಂತ ಕಟ್ಟಡವನ್ನೂ ಕೊಂಡಿತು. ಸತ್ತರೂ ಸದಸ್ಯತ್ವದಿಂದ ಬಿಡುಗಡೆ ಇಲ್ಲ ಎನ್ನುವುದು ಅವರ ತಮಾಷೆಯ ಧ್ಯೇಯವಾಕ್ಯ.

ಪ್ರತಿ ತೆಗೆಯುತ್ತಿದ್ದ ಬಗೆಯನ್ನೂ ಹೇಳಬೇಕು, ಏಕೆಂದರೆ ಎಷ್ಟು ಜನ ಸೇರಬಹುದೆಂದು ಗೊತ್ತುಮಾಡುತ್ತಿದ್ದದ್ದು ಯಂತ್ರವೇ. ತೀರಾ ಅಗ್ಗದ್ದು ಜೆಲಟಿನ್ ತಟ್ಟೆ. ವಿಶೇಷ ಶಾಯಿಯಲ್ಲಿ ಬರೆದ ಹಾಳೆಯನ್ನು ಅಂಟಂಟಾದ ಜೆಲಟಿನ್ ಮೇಲೆ ಒತ್ತಿದರೆ ಶಾಯಿ ಅದಕ್ಕಿಳಿಯುತ್ತದೆ, ಆಮೇಲೆ ಒಂದೊಂದೇ ಬಿಳಿ ಹಾಳೆ ಒತ್ತಿ ತೆಗೆಯಬೇಕು. ಐವತ್ತರ ಹತ್ತಿರ ಬರುವಷ್ಟರಲ್ಲಿ ಅಕ್ಷರ ಮಾಸುತ್ತದೆ, ಬೆರಳು ಮಾತ್ರ ವಾರವಿಡೀ ನೇರಳೆ. ಸ್ವಲ್ಪ ಅನುಕೂಲಸ್ಥರದು ಸೈಕ್ಲೋಸ್ಟೈಲ್. ಅದನ್ನು ನಮ್ಮ ಮೇಷ್ಟ್ರುಗಳಿಗೆ ಹೇಳಿಕೊಡಬೇಕೇ? ಮೇಣದ ಸ್ಟೆನ್ಸಿಲ್ ಹಾಳೆ, ಅದರ ಮೇಲೆ ಲೋಹದ ಮೊನೆಯ ಕಡ್ಡಿಯಿಂದ ಗೀಚಿದ ಪ್ರಶ್ನೆಗಳು, ಉರುಳೆಗೆ ಹಚ್ಚಿದ ಕಪ್ಪು ಶಾಯಿ, ಹಿಡಿಕೆ ತಿರುಗಿಸಿದಂತೆ ಒಂದೊಂದೇ ಹೊರಬೀಳುವ ಹಸಿ ಹಾಳೆ. ಕಡ್ಡಿ ಜೋರಾಗಿ ಒತ್ತಿದರೆ ಸೊನ್ನೆಯ ನಡುವಿನ ಮೇಣ ಕಿತ್ತುಬಂದು ಪ್ರತಿಯ ಮೇಲೆ ಕಪ್ಪು ಬೊಟ್ಟು ಮೂಡುತ್ತಿತ್ತು. ನಮ್ಮ ಎಷ್ಟೋ ಸಂಘಗಳ ಆಹ್ವಾನ ಪತ್ರಿಕೆ, ಚಳವಳಿಗಳ ಕರಪತ್ರ ಬಂದದ್ದು ಇದೇ ಯಂತ್ರದಿಂದ.

ಈಗ ಕನ್ನಡದ ಮಾತು. ಇದೇ ಬಗೆಯ ವೈಜ್ಞಾನಿಕ ಕಥೆಯ ಅಪಾ ಕನ್ನಡದಲ್ಲಿ ನಡೆದದ್ದನ್ನು ನಾನು ಕಂಡಿಲ್ಲ, ಆದರೆ ಅದರ ಬಿಡಿಭಾಗಗಳೆಲ್ಲ ನಮ್ಮಲ್ಲಿ ಬೇರೆಬೇರೆ ಕಡೆ ಇದ್ದವು. ವಿದ್ಯಾರ್ಥಿಗಳ ಉತ್ಸಾಹ ಬೇಕೇ? 1919ರಲ್ಲಿ ‘ಪ್ರಬುದ್ಧ ಕರ್ಣಾಟಕ’ ಹೊರಟದ್ದು ಬೆಂಗಳೂರು ಸೆಂಟ್ರಲ್ ಕಾಲೇಜಿನ ಕರ್ಣಾಟಕ ಸಂಘದಿಂದ, ಎ.ಆರ್. ಕೃಷ್ಣಶಾಸ್ತ್ರಿಗಳ ಮುಂದಾಳುತನದಲ್ಲಿ. ವಿಜ್ಞಾನದ ಹಂಬಲ ಬೇಕೇ? ಅದಕ್ಕೂ ಒಂದು ವರ್ಷ ಮೊದಲೇ ಬೆಳ್ಳಾವೆ ವೆಂಕಟನಾರಣಪ್ಪ ಮತ್ತು ನಂಗಪುರಂ ವೆಂಕಟೇಶ ಅಯ್ಯಂಗಾರ್ ‘ವಿಜ್ಞಾನ’ ಮಾಸಪತ್ರಿಕೆ ಶುರುಮಾಡಿದ್ದರು. ಎರಡು ವರ್ಷದ ಆಸುಪಾಸಿನಲ್ಲೇ ಅದು ನಿಂತುಹೋಯಿತು. ಸಣ್ಣ ಪತ್ರಿಕೆಯ ಛಲಕ್ಕೆ ನೀವು ದೂರ ಹೋಗಬೇಕಿಲ್ಲ. 1964ರಲ್ಲಿ ಧಾರವಾಡದಲ್ಲಿ ‘ಸಂಕ್ರಮಣ’ ಕಟ್ಟಿದ ಮೂವರಲ್ಲಿ ಚಂದ್ರಶೇಖರ ಪಾಟೀಲ (ಚಂಪಾ), ಸಿದ್ಧಲಿಂಗ ಪಟ್ಟಣಶೆಟ್ಟಿಯವರ ಜೊತೆಗಿದ್ದ ಗಿರಡ್ಡಿ ಗೋವಿಂದರಾಜರು ನಿಮ್ಮ ರೋಣ ಸೀಮೆಯ ಅಬ್ಬಿಗೇರಿಯವರು. ಶಾಲೆ ಕಾಲೇಜುಗಳ ಕೈಬರಹ ಪತ್ರಿಕೆ, ಗೋಡೆಪತ್ರಿಕೆಗಳಂತೂ ಲೆಕ್ಕವಿಲ್ಲ. ಚೆಂದದ ಅಕ್ಷರದ ಹುಡುಗಿಯೊಬ್ಬಳು ಇಡೀ ಸಂಚಿಕೆ ಬರೆಯುವುದು, ಚಿತ್ರ ಬರುವ ಹುಡುಗ ಮುಖಪುಟಕ್ಕೆ ಸೂರ್ಯೋದಯ ಬಿಡಿಸುವುದು, ಮುಖ್ಯೋಪಾಧ್ಯಾಯರ ಶುಭ ಸಂದೇಶ, ಕಡೆಗೆ ಆ ಒಂದೇ ಪ್ರತಿ ಕಪಾಟು ಸೇರುವುದು.

ಆ ‘ಒಂದೇ ಪ್ರತಿ’ಯಲ್ಲೇ ವ್ಯತ್ಯಾಸ ಕಾಣುತ್ತದೆ. ಕೈಬರಹ ಪತ್ರಿಕೆ ಸ್ಪರ್ಧೆಗೆ ಹೋಗಿ ಬರುತ್ತದೆ, ಯಾರ ಮನೆಗೂ ಹೋಗುವುದಿಲ್ಲ. ಅತ್ತ ಸಾಹಿತ್ಯದ ಸಣ್ಣ ಪತ್ರಿಕೆ ನೂರಾರು ಮನೆಗೆ ಹೋಗುತ್ತದೆ, ಆದರೆ ಹೊರೆಯೆಲ್ಲ ಒಬ್ಬ ಸಂಪಾದಕನ ತಲೆಯ ಮೇಲೆ. ಸಂಕ್ರಮಣ ಮೂವರಿಂದ ಶುರುವಾದರೂ ಮುಂದೆ ದಶಕಗಟ್ಟಲೆ ಅದನ್ನು ಹೊತ್ತವರು ಚಂಪಾ ಒಬ್ಬರೇ. ಚಂದಾ ಮುಗಿದಿದೆ, ದಯವಿಟ್ಟು ಕಳಿಸಿ ಎಂಬ ಸಾಲು ಇಲ್ಲದ ಸಣ್ಣ ಪತ್ರಿಕೆ ಕನ್ನಡದಲ್ಲಿ ಯಾವುದಿದೆ? ಹೊರೆಯನ್ನು ಓದುಗರಿಗೇ ಸಮನಾಗಿ ಹಂಚಿಬಿಡುವ ಉಪಾಯ ನಮಗೆ ಹೊಳೆಯಲಿಲ್ಲ.

ಇನ್ನೊಂದು ಕಾರಣವೂ ಉಂಟು, ಅದು ನಮ್ಮ ಭಾಗ್ಯದ್ದು. ಅಮೆರಿಕದಲ್ಲಿ ವೈಜ್ಞಾನಿಕ ಕಥೆಗಳು ಬರುತ್ತಿದ್ದದ್ದು ಅಗ್ಗದ ಒರಟು ಕಾಗದದ, ಭಡಕ್ ಮುಖಪುಟದ ಪತ್ರಿಕೆಗಳಲ್ಲಿ. ಮರ್ಯಾದಸ್ಥರು ಅವನ್ನು ಕೈಯಲ್ಲಿ ಹಿಡಿಯುತ್ತಿರಲಿಲ್ಲ. ಹೊರಗಿನವರು ನಗುತ್ತಿದ್ದರಿಂದ ಒಳಗಿನವರು ಒತ್ತೊತ್ತಾಗಿ ಕೂತರು. ಕನ್ನಡದಲ್ಲಿ ಹಾಗಾಗಲಿಲ್ಲ. ರಾಜಶೇಖರ ಭೂಸನೂರಮಠರಂಥವರ ಕಥೆಗಳು ಎಲ್ಲರೂ ಓದುವ ಪತ್ರಿಕೆಗಳಲ್ಲೇ, ಧಾರಾವಾಹಿ ಮತ್ತು ಹಾಸ್ಯದ ಪಕ್ಕದಲ್ಲೇ ಬಂದವು. ಹುಬ್ಬಳ್ಳಿಯ ‘ಕಸ್ತೂರಿ’ 1956ರಿಂದ ವಿಜ್ಞಾನದ ವಿಸ್ಮಯವನ್ನು ಹಳ್ಳಿಹಳ್ಳಿಗೆ ಮುಟ್ಟಿಸಿತು. ‘ಸುಧಾ’, ‘ಮಯೂರ’, ‘ತುಷಾರ’ ಆಮೇಲೆ ಬಂದವು. ಹತ್ತನೇ ತರಗತಿಯ ಹುಡುಗನೂ ಅವನ ಅಜ್ಜಿಯೂ ಓದುವ ಪುಟದಲ್ಲಿ ಕಥೆ ಬಂದರೆ ಗುಟ್ಟಿನ ಕೂಟ ಕಟ್ಟುವ ಜರೂರು ಯಾರಿಗೆ? ಓದುಗರು ಹೆಚ್ಚಾದರು, ಕೂಟ ಹುಟ್ಟಲಿಲ್ಲ. 1993ರಲ್ಲಿ ನ್ಯಾಷನಲ್ ಬುಕ್ ಟ್ರಸ್ಟ್ ಭಾರತೀಯ ಭಾಷೆಗಳ ವೈಜ್ಞಾನಿಕ ಕಥೆಗಳನ್ನು ಆರಿಸಿ ಬಾಳ ಫೋಂಡಕೆಯವರ ಸಂಪಾದಕತ್ವದಲ್ಲಿ ಇಂಗ್ಲಿಷಿಗೆ ತಂದಾಗ ಕನ್ನಡದಿಂದ ಅದರಲ್ಲಿದ್ದವರು ಭೂಸನೂರಮಠ ಮತ್ತು ಸಂಜಯ ಹಾವನೂರ. ಮರಾಠಿಯವರ ಪಾಲು ಅದಕ್ಕಿಂತ ಬಹಳ ದೊಡ್ಡದಿತ್ತು.

ಮರಾಠಿಯವರಿಗೆ ಬೆನ್ನ ಹಿಂದೆ ಒಂದು ಸಂಸ್ಥೆ ಇತ್ತು. ಮರಾಠಿ ವಿಜ್ಞಾನ ಪರಿಷತ್ತು ವೈಜ್ಞಾನಿಕ ಕಥಾ ಸ್ಪರ್ಧೆ ನಡೆಸುತ್ತಿತ್ತು. 1974ರಲ್ಲಿ ಕಪ್ಪುರಂಧ್ರದ ಮೇಲೆ ಕಥೆ ಬರೆದು ಮೊದಲ ಬಹುಮಾನ ಹೊಡೆದ ನಾರಾಯಣ ವಿನಾಯಕ ಜಗತಾಪ ಎಂಬ ಅಪರಿಚಿತ ಯಾರೆಂದು ನೋಡಿದರೆ, ಖಗೋಳ ವಿಜ್ಞಾನಿ ಜಯಂತ ವಿಷ್ಣು ನಾರಳೀಕರ! ತಮ್ಮ ಹೆಸರಿನ ಮೊದಲಕ್ಷರಗಳನ್ನು ತಿರುಗಿಸಿ ಹೆಸರು ಕಟ್ಟಿಕೊಂಡಿದ್ದರು. ಬಂಗಾಳಿಯವರು ಇನ್ನೂ ಮುಂದೆ. ಅದ್ರೀಶ ಬರ್ಧನ್ 1963ರಲ್ಲಿ ‘ಆಶ್ಚರ್ಯ’ ಎಂಬ ಪತ್ರಿಕೆಯನ್ನು ವೈಜ್ಞಾನಿಕ ಕಥೆಗೆಂದೇ ತೆರೆದರು. 1966ರಲ್ಲಿ ಕಲ್ಕತ್ತದಲ್ಲಿ ಇದೇ ಬಗೆಯ ಚಲನಚಿತ್ರ ನೋಡುವ ಕೂಟ ಹುಟ್ಟಿತು, ಅಧ್ಯಕ್ಷರು ಸತ್ಯಜಿತ್ ರಾಯ್. ನಮ್ಮಲ್ಲಿ 1978ರಲ್ಲಿ ‘ಬಾಲ ವಿಜ್ಞಾನ’ ಬಂತು, 1980ರಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತು ಆಯಿತು. ಎರಡೂ ಮಾಡಿದ ಕೆಲಸ ದೊಡ್ಡದು, ಆದರೆ ಅವುಗಳ ಗಮನವೆಲ್ಲ ವಿಜ್ಞಾನದ ತಿಳಿವಳಿಕೆಯ ಕಡೆಗಿತ್ತು, ಕಥೆಯ ಕಡೆಗಲ್ಲ.

ಹಾಗಾದರೆ ನಿಮ್ಮ ಹತ್ತು ಜನ ಏನು ಮಾಡಬೇಕು? ಒಬ್ಬೊಬ್ಬರು ತಿಂಗಳಿಗೆ ಒಂದು ಹಾಳೆ, ಎರಡೂ ಬದಿ, ಕೈಯಲ್ಲೇ ಬರೆಯಿರಿ. ಗಜೇಂದ್ರಗಡಕ್ಕೆ ಸಂತೆಗೋ ಕೆಲಸಕ್ಕೋ ಹೋದಾಗ ಹನ್ನೊಂದು ಝೆರಾಕ್ಸ್ ತೆಗೆಸಿ. ಹಾಳೆಗೆ 3 ರೂಪಾಯಿ ಹಿಡಿದರೂ ತಲೆಗೆ 33 ರೂಪಾಯಿ. ಗೊತ್ತಾದ ದಿನ ಒಂದು ಕಟ್ಟೆಯಲ್ಲಿ ಕೂತು ಜೋಡಿಸಿ, ಪಿನ್ ಹೊಡೆಯಿರಿ. ಸಂಚಾಲಕರನ್ನು ಆರು ತಿಂಗಳಿಗೊಮ್ಮೆ ಬದಲಿಸಿ, ಇಲ್ಲವಾದರೆ ಅವರು ಸಂಪಾದಕರಾಗಿಬಿಡುತ್ತಾರೆ. ಎರಡು ತಿಂಗಳು ಸತತ ಹಾಳೆ ಕೊಡದವರನ್ನು, ಸ್ವಂತ ಅಳಿಯನೇ ಆಗಿರಲಿ, ಕೈಬಿಡಿ. ಮೊಬೈಲಿನಲ್ಲೇ ಕಳಿಸಿಕೊಂಡರಾಗದೇ ಎಂದು ಹುಡುಗರು ಕೇಳುತ್ತಾರೆ. ಆಗುತ್ತದೆ, ಆದರೆ ಅಲ್ಲಿ ಬರೆಯದೆ ಸುಮ್ಮನೆ ನೋಡುವವರೇ ಹೆಚ್ಚಾಗಿ ಕರಾರು ಮುರಿದುಬೀಳುತ್ತದೆ.

ಗಜೇಂದ್ರಗಡದ ಗುಡ್ಡದ ಮೇಲಿನ ಗಾಳಿಯಂತ್ರಗಳ ಬಗ್ಗೆ ಮೊದಲ ಸಂಚಿಕೆಗೆ ಕಥೆ ಬರೆಯಬೇಡಿ, ಉಳಿದ ಒಂಬತ್ತು ಜನ ಅದನ್ನೇ ಬರೆದಿರುತ್ತಾರೆ. ಸೂಡಿಯ ಬಾವಿ, ಬಾರದ ಮಳೆ, ಬಿಳಿಜೋಳದ ತೆನೆಗೆ ನೂರು ವರ್ಷದ ಮೇಲೆ ಏನಾದೀತು, ವಿಷಯಕ್ಕೆ ಬರವಿಲ್ಲ.

ಹನ್ನೊಂದನೇ ಪ್ರತಿ ಯಾರಿಗೆಂದು ಕೇಳುತ್ತೀರಿ. ಅದು ಪಂಚಾಯಿತಿಯ ಗ್ರಂಥಾಲಯಕ್ಕೆ, ಈಗಿನ ಅರಿವು ಕೇಂದ್ರಕ್ಕೆ. ಬ್ರೂಸ್ ಪೆಲ್ಜ್ ಜೀವಮಾನವಿಡೀ ಕೂಡಿಟ್ಟ ಇಂಥ ಪತ್ರಿಕೆಗಳ ರಾಶಿ ಇವತ್ತು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ರಿವರ್‌ಸೈಡ್ ಗ್ರಂಥಾಲಯದಲ್ಲಿದೆ, ಸಂಶೋಧಕರು ಹುಡುಕಿಕೊಂಡು ಹೋಗುತ್ತಾರೆ. ಅವರಿಗೆ ದೊಡ್ಡ ತಲೆನೋವೆಂದರೆ ತಾರೀಖು ಹಾಕದ ಸಂಚಿಕೆಗಳು. ಆದ್ದರಿಂದ ಊರು, ತಿಂಗಳು, ವರ್ಷ, ಸಂಚಿಕೆಯ ಸಂಖ್ಯೆ, ಇಷ್ಟನ್ನು ಮೊದಲ ಹಾಳೆಯ ತಲೆಯ ಮೇಲೇ ಬರೆದುಬಿಡಿ, ಮತ್ತು ಒಂದು ಪ್ರತಿ ಹೆಚ್ಚಿಗೆ ತೆಗೆಸಿದರೆ ನಮ್ಮ ವಿಳಾಸಕ್ಕೂ ಕಳಿಸಿ.